ಸುಳಿ ಕೊಳೆತ ತೆಂಗು, ನಡುಮರ ಕಳೆದುಕೊಂಡ ಆಲ

ತೆಂಗಿನ ಮರದ ಸುಳಿ ಕೊಳೆತರೆ ಮರ ಉಳಿಯುವುದಿಲ್ಲ. ಎತ್ತರದ ಕಾಂಡ, ಸಾವಿರಾರು ಬೇರು, ಗೊನೆ ತುಂಬ ಕಾಯಿ ಎಲ್ಲವೂ ಸರಿಯಾಗಿದ್ದರೂ ತುದಿಯ ಆ ಮೆತ್ತನೆಯ ಭಾಗ ಹೋಯಿತೆಂದರೆ ಮುಂದೆ ಉಳಿಯುವುದು ಬೋಳು ಕಂಬ. ಬೆಂಗಳೂರಿನ ಪಶ್ಚಿಮಕ್ಕೆ ಕೇತೋಹಳ್ಳಿಯಲ್ಲಿ ಸುಮಾರು ಮೂರು ಎಕರೆ ಹರಡಿಕೊಂಡಿರುವ ದೊಡ್ಡ ಆಲದ ಮರದ ಕಥೆ ಬೇರೆ. ಅದರ ಮೂಲ ಕಾಂಡವೇ ರೋಗ ತಗುಲಿ ಸತ್ತುಹೋಗಿದೆ. ಮರ ಮಾತ್ರ ಬಿಳಲುಗಳ ಮೇಲೆ ನಿಂತು ಚಿಗುರುತ್ತಲೇ ಇದೆ. ಹೌರಾದ ಸಸ್ಯೋದ್ಯಾನದ ಹೆಸರಾಂತ ಆಲದಲ್ಲೂ ಹೀಗೇ ಆಯಿತು. ಶಿಲೀಂಧ್ರ ಹಿಡಿದ ಮುಖ್ಯ ಕಾಂಡವನ್ನು 1925ರಲ್ಲಿ ಕಡಿದು ತೆಗೆದರು, ಮರ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಇತ್ತ, ಆಡಿನ ಹೃದಯ ನಿಂತರೆ ಆಡು ನಿಮಿಷಗಳಲ್ಲಿ ಸಾಯುತ್ತದೆ. ಕೆರೆಕುಂಟೆಗಳ ನೀರಿನಲ್ಲಿ ಸಿಗುವ ಹೈಡ್ರಾ ಎಂಬ ಪುಟ್ಟ ಪ್ರಾಣಿಯನ್ನು ಎರಡು ತುಂಡು ಮಾಡಿದರೋ, ಎರಡು ಹೈಡ್ರಾಗಳಾಗುತ್ತವೆ.

ತೆಂಗು, ಆಲ, ಆಡು, ಹೈಡ್ರಾ ನಾಲ್ಕೂ ಜೀವಕೋಶಗಳಿಂದಲೇ ಆದವು. ಆದರೂ ದೇಹದ ಒಂದು ಭಾಗ ಹೋದಾಗ ನಾಲ್ಕರದೂ ನಾಲ್ಕು ಗತಿ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ದೇಹರಚನೆಗೆ ಒಂದು ನೇರವಾದ ಏಣಿ ಇರುತ್ತದೆ: ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ, ಜೀವಿ. ಕೋಶಗಳು ಸೇರಿ ಅಂಗಾಂಶ, ಅಂಗಾಂಶಗಳು ಸೇರಿ ಅಂಗ, ಅಂಗಗಳು ಸೇರಿ ಅಂಗವ್ಯೂಹ. ಪರೀಕ್ಷೆಯ ಮಟ್ಟಿಗೆ ಇದು ಸರಿಯೇ. ಆದರೆ ಅದನ್ನು ಬಾಯಿಪಾಠ ಮಾಡಿದವರ ತಲೆಯಲ್ಲಿ ಎರಡು ತಪ್ಪು ತಿಳಿವಳಿಕೆಗಳು ಉಳಿದುಬಿಡುತ್ತವೆ. ಮೇಲಿನ ಮೆಟ್ಟಿಲೆಂದರೆ ಕೆಳಗಿನದರ ದೊಡ್ಡ ರಾಶಿ ಎಂಬುದು ಒಂದು. ಗಿಡಮರಗಳೂ ಪ್ರಾಣಿಗಳೂ ಒಂದೇ ಏಣಿಯನ್ನು ಹತ್ತಿ ಬಂದಿವೆ, ಹಾಗಾಗಿ ಎಲೆಗೆ ಹೊಟ್ಟೆಯನ್ನೂ ಕಾಂಡದ ಕೊಳವೆಗೆ ರಕ್ತನಾಳವನ್ನೂ ಜೋಡಿ ಮಾಡಬಹುದು ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ದಾರಿ ತಪ್ಪಿಸುತ್ತದೆ.

ರಾಶಿಯಲ್ಲ, ಹೊಸ ಸಾಮರ್ಥ್ಯ

ಹೃದಯದ ಸ್ನಾಯುಕೋಶಗಳನ್ನು ಬಿಡಿಸಿ, ಪೋಷಕ ದ್ರವವಿರುವ ಗಾಜಿನ ತಟ್ಟೆಯಲ್ಲಿ ಇಟ್ಟರೆ ಒಂದೊಂದು ಕೋಶವೂ ತನ್ನ ಪಾಡಿಗೆ ಮಿಡಿಯುತ್ತಿರುತ್ತದೆ. ಒಂದರ ಲಯಕ್ಕೂ ಇನ್ನೊಂದರದಕ್ಕೂ ಸಂಬಂಧವಿರುವುದಿಲ್ಲ. ಅವು ಹರಡಿಕೊಂಡು ಒಂದನ್ನೊಂದು ಮುಟ್ಟಿದಾಗ ಕೋಶದಿಂದ ಕೋಶಕ್ಕೆ ವಿದ್ಯುತ್ ಸಂಕೇತ ದಾಟುವ ಸೂಕ್ಷ್ಮ ದಾರಿಗಳು ಏರ್ಪಡುತ್ತವೆ, ಲಯ ಒಂದಾಗುತ್ತದೆ. ಇಷ್ಟಾದರೆ ಅಂಗಾಂಶದ ಮಟ್ಟ ಬಂದಂತೆ. ಆದರೆ ಒಟ್ಟಾಗಿ ಮಿಡಿಯುವ ಆ ಹಾಳೆ ಒಂದು ಹನಿ ರಕ್ತವನ್ನೂ ಎಲ್ಲಿಗೂ ತಲುಪಿಸಲಾರದು. ಅದಕ್ಕೆ ಟೊಳ್ಳಾದ ಕೋಣೆಗಳು ಬೇಕು. ರಕ್ತ ಹಿಂದಕ್ಕೆ ನುಗ್ಗದಂತೆ ಕವಾಟಗಳು ಬೇಕು, ಅವು ಸಂಯೋಜಕ ಅಂಗಾಂಶದವು. ರಕ್ತ ಹೆಪ್ಪುಗಟ್ಟದಂತೆ ನುಣುಪಾದ ಒಳಪದರ ಬೇಕು, ಅದು ಅನುಲೇಪಕ ಅಂಗಾಂಶದ್ದು. ಮಿಡಿತವನ್ನು ಏರಿಸಿ ಇಳಿಸಲು ನರಗಳು ಬೇಕು. ಪ್ರಾಣಿದೇಹದ ನಾಲ್ಕು ಮೂಲ ಅಂಗಾಂಶಗಳೂ ಒಂದು ಮುಷ್ಟಿಯಷ್ಟು ಜಾಗದಲ್ಲಿ ನಿರ್ದಿಷ್ಟ ಆಕಾರಕ್ಕೆ ಬಂದಾಗ ಅದು ಅಂಗ. ಆಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹರಿಯುತ್ತದೆ. ಅದೇ ನಾಲ್ಕು ಅಂಗಾಂಶಗಳನ್ನು ಅಷ್ಟೇ ಪ್ರಮಾಣದಲ್ಲಿ ಸುಮ್ಮನೆ ಗುಡ್ಡೆ ಹಾಕಿದರೆ ಮಾಂಸದ ಮುದ್ದೆಯಾಗುತ್ತದೆ, ಹೃದಯವಾಗುವುದಿಲ್ಲ. ಮೆಟ್ಟಿಲನ್ನು ಮೆಟ್ಟಿಲಾಗಿಸುವುದು ಜೋಡಣೆ.

ಮೇಲಿನ ಮೆಟ್ಟಿಲು ಬಂದ ಕೂಡಲೇ ಕೆಳಗಿನದು ತನ್ನ ಸ್ವಾತಂತ್ರ್ಯವನ್ನೆಲ್ಲ ಬಿಟ್ಟುಕೊಡುತ್ತದೆ ಎಂದೂ ಅಲ್ಲ. ಒಬ್ಬರ ಹೃದಯವನ್ನು ಇನ್ನೊಬ್ಬರಿಗೆ ಕಸಿ ಮಾಡುವಾಗ ನರಗಳ ಸಂಪರ್ಕ ಕಡಿದುಹೋಗಿರುತ್ತದೆ. ಆದರೂ ಆ ಹೃದಯ ಹೊಸ ದೇಹದಲ್ಲಿ ಮಿಡಿಯುತ್ತದೆ, ಅದೂ ಸಾಮಾನ್ಯಕ್ಕಿಂತ ತುಸು ವೇಗವಾಗಿ. ವೇಗವನ್ನು ತಗ್ಗಿಸುತ್ತಿದ್ದ ನರ ಇಲ್ಲವಲ್ಲ.

ಇನ್ನೊಂದು ಮಾತು. ಪುಸ್ತಕಗಳು ಈ ಏಣಿಯನ್ನು ಕೆಳಗಿನಿಂದ ಮೇಲಕ್ಕೆ ಹತ್ತಿಸುತ್ತವೆ. ಮನುಷ್ಯರು ಅದನ್ನು ಕಂಡುಕೊಂಡದ್ದು ಮೇಲಿನಿಂದ ಕೆಳಕ್ಕೆ. ಅಂಗಗಳು ಬೇಟೆಗಾರನಿಗೂ ಕಟುಕನಿಗೂ ಮೊದಲಿನಿಂದ ಗೊತ್ತಿದ್ದವು. ಅಂಗಾಂಶದ ಕಲ್ಪನೆಯನ್ನು ಗಟ್ಟಿಗೊಳಿಸಿದವನು ಫ್ರಾನ್ಸಿನ ವೈದ್ಯ ಕ್ಸೇವಿಯರ್ ಬಿಶಾ. ಸೂಕ್ಷ್ಮದರ್ಶಕವನ್ನು ನಂಬದ ಆತ ಶವಗಳನ್ನು ಸೀಳಿ, ಬೇಯಿಸಿ, ಒಣಗಿಸಿ ನೋಡಿಯೇ 21 ಬಗೆಯ ಅಂಗಾಂಶಗಳನ್ನು ಗುರುತಿಸಿದ. 1802ರಲ್ಲಿ ಮೂವತ್ತರ ಹರೆಯದಲ್ಲೇ ತೀರಿಕೊಂಡ. ರಾಬರ್ಟ್ ಹುಕ್ 1665ರಲ್ಲೇ ಬೆಂಡಿನ ತೆಳುಪದರದಲ್ಲಿ ಕೋಣೆಗಳನ್ನು ಕಂಡಿದ್ದನಾದರೂ, ಎಲ್ಲ ಸಸ್ಯಗಳೂ ಕೋಶಗಳಿಂದಾದವು ಎಂದು ಶ್ಲೈಡನ್ ಸಾರಿದ್ದು 1838ರಲ್ಲಿ, ಪ್ರಾಣಿಗಳೂ ಹಾಗೆಯೇ ಎಂದು ಶ್ವಾನ್ ಸೇರಿಸಿದ್ದು 1839ರಲ್ಲಿ. ಕೋಶಸಿದ್ಧಾಂತಕ್ಕಿಂತ ಅಂಗಾಂಶದ ತಿಳಿವಳಿಕೆಯೇ ಹಿರಿಯದು.

ಒಂದೇ ಕೋಶ ಏಕೆ ಸಾಲದು?

ಒಂದೇ ಕೋಶವನ್ನು ಆನೆಯ ಗಾತ್ರಕ್ಕೆ ಬೆಳೆಸಿದರೆ ಏನು ತೊಂದರೆ? ಉಸಿರು ಕಟ್ಟುತ್ತದೆ. ಕೋಶದೊಳಗೆ ಆಮ್ಲಜನಕ ಸಾಗುವುದು ಮುಖ್ಯವಾಗಿ ವಿಸರಣೆಯಿಂದ, ಎಂದರೆ ಅಣುಗಳು ಗುರಿಯಿಲ್ಲದೆ ಅಲೆದಾಡುತ್ತ ಹರಡುವುದರಿಂದ. ಈ ಅಲೆದಾಟಕ್ಕೆ ಬೇಕಾಗುವ ಸಮಯ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ಸಾಗಲು ಆಮ್ಲಜನಕದ ಅಣುವಿಗೆ ಕ್ಷಣಾರ್ಧ ಸಾಕು. ನಿಂತ ನೀರಿನಲ್ಲಿ ಒಂದು ಮೀಟರ್ ಸಾಗಲು ವರ್ಷಗಳೇ ಬೇಕು. ಮನುಷ್ಯದೇಹದಲ್ಲಿ ಸುಮಾರು 37 ಲಕ್ಷ ಕೋಟಿ ಕೋಶಗಳಿವೆ ಎಂಬ ಅಂದಾಜಿನ ಹಿಂದಿರುವ ಕಾರಣ ಇದೇ: ದೊಡ್ಡದಾಗಬೇಕಾದರೆ ಸಣ್ಣ ಸಣ್ಣದಾಗಿಯೇ ದೊಡ್ಡದಾಗಬೇಕು.

ಹಾಗೆಂದು ಒಂಟಿಕೋಶವನ್ನು ಕೀಳಾಗಿ ಕಾಣಬೇಕಿಲ್ಲ. ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿ ಒಂದೇ ಕೋಶದಲ್ಲಿ ಬೆಳಕನ್ನು ಅರಿಯುತ್ತದೆ, ಎರಡು ಚಾವಟಿಗಳಿಂದ ಈಜುತ್ತದೆ, ಆಹಾರ ತಯಾರಿಸುತ್ತದೆ, ಮರಿ ಮಾಡುತ್ತದೆ. ಅದರ ಹತ್ತಿರದ ನೆಂಟ ವಾಲ್ವಾಕ್ಸ್. ಕೊಳದ ನೀರಿನಲ್ಲಿ ಬರಿಗಣ್ಣಿಗೂ ಕಾಣುವ ಹಸಿರು ಗುಂಡು. ವಾಲ್ವಾಕ್ಸ್ ಕಾರ್ಟೆರಿ ಎಂಬ ಪ್ರಭೇದದಲ್ಲಿ ಸುಮಾರು 2,000 ಸಣ್ಣ ಕೋಶಗಳು ಹೊರಮೈಯಲ್ಲಿ ಚಾವಟಿ ಬೀಸಿ ಗುಂಡನ್ನು ಈಜಿಸುತ್ತವೆ. ಒಳಗಿರುವ ಸುಮಾರು 16 ದೊಡ್ಡ ಕೋಶಗಳಿಗೆ ಮಾತ್ರ ಸಂತಾನದ ಹಕ್ಕು. ಮರಿಗುಂಡುಗಳು ಹೊರಬಂದ ಮೇಲೆ ಈಜಿಸುತ್ತಿದ್ದ ಕೋಶಗಳು ವಿಭಜಿಸದೆಯೇ ಮುದಿಯಾಗಿ ಸಾಯುತ್ತವೆ. ಏಣಿಯ ನಿಜವಾದ ಮೊದಲ ಮೆಟ್ಟಿಲು ಇದು. ಬರೀ ಒಟ್ಟಿಗಿರುವುದರಿಂದ ಹೊಸ ಮಟ್ಟ ಹುಟ್ಟುವುದಿಲ್ಲ. ಕೆಲವು ಕೋಶಗಳು ತಮ್ಮ ಸಂತಾನವನ್ನೇ ಬಿಟ್ಟುಕೊಟ್ಟು ಒಂದು ಕೆಲಸಕ್ಕೆ ನಿಂತಾಗ ಹುಟ್ಟುತ್ತದೆ. ನಮ್ಮ ಕೆಂಪು ರಕ್ತಕಣ ಇದನ್ನು ತುದಿಗೊಯ್ದಿದೆ. ಆಮ್ಲಜನಕ ಹೊರಲು ಜಾಗ ಸಾಲದೆಂಬಂತೆ ಡಿಎನ್‌ಎ ಇರುವ ಕೋಶಕೇಂದ್ರವನ್ನೇ ಹೊರಹಾಕಿ, ಸುಮಾರು 120 ದಿನ ದುಡಿದು ಮುಗಿಯುತ್ತದೆ.

ಕೆಳಗಿನ ಮೆಟ್ಟಿಲಿನಲ್ಲೂ ಇಂತಹದೇ ಒಪ್ಪಂದ ಹಿಂದೆ ನಡೆದಿದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಮತ್ತು ಹಸಿರು ಕೋಶಗಳಲ್ಲಿ ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟ್ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು. ಇಂದಿಗೂ ಅವುಗಳಲ್ಲಿ ಸ್ವಂತ ಡಿಎನ್‌ಎ ಇದೆ, ಅವು ಹೊಸದಾಗಿ ಹುಟ್ಟುವುದು ಹಳೆಯದರ ವಿಭಜನೆಯಿಂದ ಮಾತ್ರ. 1967ರಲ್ಲಿ ಲಿನ್ ಮಾರ್ಗುಲಿಸ್ ಈ ವಾದವನ್ನು ವಿವರವಾಗಿ ಮಂಡಿಸಿದಾಗ ಮುಖ ತಿರುಗಿಸಿದವರೇ ಹೆಚ್ಚು. ಈಗ ಅದು ಪಠ್ಯಪುಸ್ತಕದ ಪಾಠ. ಅಂದಿನ 'ಜೀವಿ' ಇಂದಿನ 'ಕಣದಂಗ', ಎಂದರೆ ಕೋಶದೊಳಗಿನ ಪುಟ್ಟ ಅಂಗ.

ಪ್ರಾಣಿಗಳು ಹತ್ತಿದ ದಾರಿ

ಪ್ರಾಣಿಲೋಕದ ಅನುಕೂಲವೆಂದರೆ, ಏಣಿಯ ಒಂದೊಂದು ಮೆಟ್ಟಿಲಲ್ಲೂ ನಿಂತಿರುವ ಪ್ರಾಣಿಗಳು ಇವತ್ತಿಗೂ ನೋಡಲು ಸಿಗುತ್ತವೆ. (ಇವು ನಮ್ಮ ಪೂರ್ವಜರಲ್ಲ. ತಮ್ಮ ಮೆಟ್ಟಿಲಲ್ಲೇ ಸುಖವಾಗಿರುವ ದೂರದ ಬಂಧುಗಳು.)

ಸ್ಪಂಜಿನಿಂದ ಶುರುಮಾಡೋಣ. ಬಾಯಿಲ್ಲ, ಹೊಟ್ಟೆಯಿಲ್ಲ, ನರವಿಲ್ಲ. ಮೈತುಂಬ ರಂಧ್ರಗಳು, ಒಳಗಿನ ಚಾವಟಿಕೋಶಗಳು ನೀರನ್ನು ಸೆಳೆದು ಅದರಲ್ಲಿರುವ ಆಹಾರದ ಕಣಗಳನ್ನು ಹಿಡಿಯುತ್ತವೆ. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಕೋಶಗಳಿವೆ, ಆದರೆ ಅವು ಬಿಗಿಯಾಗಿ ಹೆಣೆದ ಅಂಗಾಂಶಗಳಾಗಿಲ್ಲ. ಅಮೆರಿಕದ ಹೆನ್ರಿ ವಿಲ್ಸನ್ 1907ರಲ್ಲಿ ಒಂದು ವಿಚಿತ್ರ ಪ್ರಯೋಗವನ್ನು ಪ್ರಕಟಿಸಿದ. ಜೀವಂತ ಸ್ಪಂಜನ್ನು ನವಿರಾದ ರೇಷ್ಮೆ ಬಟ್ಟೆಯ ಮೂಲಕ ಹಿಂಡಿದ. ಕೋಶಗಳು ಬಿಡಿಬಿಡಿಯಾಗಿ ನೀರಿಗೆ ಉದುರಿದವು. ಅವು ತೆವಳುತ್ತ ಒಂದನ್ನೊಂದು ಹುಡುಕಿ, ಗುಂಪುಗೂಡಿ, ಮತ್ತೆ ಸ್ಪಂಜಾದವು! ಕೋಶಗಳ ನಡುವಿನ ಒಪ್ಪಂದ ಅಷ್ಟು ಸಡಿಲ, ಅಷ್ಟೇ ಗಟ್ಟಿ.

ಹೈಡ್ರಾದಲ್ಲಿ ಅಂಗಾಂಶ ಕಾಣಿಸಿಕೊಳ್ಳುತ್ತದೆ. ಹೊರಗೊಂದು ಪದರ, ಒಳಗೊಂದು ಪದರ, ನಡುವೆ ಲೋಳೆಯಂತಹ ತೆಳುಹಾಳೆ. ಒಳಪದರ ಜೀರ್ಣಿಸುತ್ತದೆ, ಹೊರಪದರ ಕಾಯುತ್ತದೆ. ನರಗಳ ಬಲೆ ಇದೆ, ಮಿದುಳಿಲ್ಲ. ಜಿನೀವಾದ ಅಬ್ರಹಾಂ ಟ್ರೆಂಬ್ಲೆ ಹಾಲೆಂಡಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದಾಗ, 1740ರಲ್ಲಿ ಇದನ್ನು ಕಂಡು ಗೊಂದಲಕ್ಕೆ ಬಿದ್ದ. ಹಸಿರಾಗಿದೆ, ಆದರೆ ಅಲುಗುತ್ತದೆ. ಗಿಡವೋ ಪ್ರಾಣಿಯೋ? ಕತ್ತರಿಸಿ ನೋಡಿದರೆ ತಿಳಿಯುತ್ತದೆ, ಏಕೆಂದರೆ ತುಂಡಿನಿಂದ ಬೆಳೆಯುವುದು ಗಿಡದ ಗುಣ ಎಂಬುದು ಆತನ ಲೆಕ್ಕ. ತುಂಡುಗಳೆಲ್ಲ ಬೆಳೆದವು. ಆದರೆ ಅವು ನಡೆದಾಡಿದವು, ಬೇಟೆಯಾಡಿ ತಿಂದವು ಕೂಡ. ಹೀಗೆ ಲೆಕ್ಕವೇ ತಲೆಕೆಳಗಾಯಿತು. ಕತ್ತರಿಸಿದರೆ ಬದುಕುವುದು ಗಿಡ ಎಂಬ ಕಾರಣಕ್ಕಲ್ಲ, ಭಾಗಗಳು ಇನ್ನೂ ಒಂದಕ್ಕೊಂದು ಅನಿವಾರ್ಯವಾಗಿಲ್ಲ ಎಂಬ ಕಾರಣಕ್ಕೆ.

ಚಪ್ಪಟೆಹುಳುಗಳಲ್ಲಿ ಅಂಗಗಳು ಬಂದವು: ಕಣ್ಣಿನ ಚುಕ್ಕೆ, ಮಿದುಳಿನ ಗಂಟು, ಕವಲೊಡೆದ ಹೊಟ್ಟೆ. ರಕ್ತಪರಿಚಲನೆ ಇಲ್ಲ. ಆದ್ದರಿಂದಲೇ ಅವು ಚಪ್ಪಟೆ. ಯಾವ ಕೋಶವೂ ಮೈಯಿಂದ ದೂರವಿರದಂತೆ ದೇಹವನ್ನೇ ಹಾಳೆ ಮಾಡಿಕೊಂಡು ವಿಸರಣೆಯ ಲೆಕ್ಕವನ್ನು ಸರಿದೂಗಿಸಿವೆ. ಎರೆಹುಳುವಿನ ಹೊತ್ತಿಗೆ ಮುಚ್ಚಿದ ರಕ್ತನಾಳಗಳು, ಮಿಡಿಯುವ ಗುಂಡಿಗೆಗಳು, ನರಹುರಿ ಎಲ್ಲ ಸೇರಿ ಅಂಗವ್ಯೂಹ ಎನ್ನಬಹುದಾದದ್ದು ತಯಾರಾಗಿದೆ. ಮೈ ದುಂಡಾಗಬಹುದು, ದಪ್ಪವಾಗಬಹುದು. ಅಲ್ಲಿಂದ ಆನೆಯವರೆಗಿನ ಕಥೆ ವಿವರಗಳಲ್ಲಿ ದೊಡ್ಡದು, ಮೆಟ್ಟಿಲಿನ ಲೆಕ್ಕದಲ್ಲಿ ಸಣ್ಣದು.

ಹತ್ತುತ್ತ ಹೋದಂತೆ ಬೆಲೆಯೂ ಏರುತ್ತದೆ. ಉಸಿರಾಟ, ಪರಿಚಲನೆ, ವಿಸರ್ಜನೆ ಒಂದರ ಮೇಲೊಂದು ಆತುಕೊಂಡಿರುವುದರಿಂದ ಒಂದು ನಿಂತರೆ ಎಲ್ಲವೂ ನಿಲ್ಲುತ್ತವೆ. ಆಡಿನ ಗತಿ ಅದು.

ಗಿಡದ ಗೋಡೆ

ಗಿಡಗಳು ಈ ಏಣಿಯನ್ನು ಹತ್ತಲೇ ಇಲ್ಲ, ತಮ್ಮದೇ ಒಂದನ್ನು ಕಟ್ಟಿಕೊಂಡವು. ಸಸ್ಯಗಳಿಗೂ ಪ್ರಾಣಿಗಳಿಗೂ ಸಮಾನವಾದ ಕಟ್ಟಕಡೆಯ ಪೂರ್ವಜ ನೂರು ಕೋಟಿ ವರ್ಷಗಳಿಗೂ ಹಿಂದಿನ ಒಂದು ಏಕಕೋಶಜೀವಿ. ಬಹುಕೋಶದ ದೇಹವನ್ನು ಎರಡೂ ಬೇರೆ ಬೇರೆಯಾಗಿ ಕಂಡುಕೊಂಡವು. ಹಾಗಾಗಿ 'ಅಂಗಾಂಶ', 'ಅಂಗ' ಎಂಬ ಪದಗಳು ಎರಡೂ ಕಡೆ ಇದ್ದರೂ ಅವುಗಳ ಹಿಂದಿನ ವಂಶಾವಳಿ ಒಂದೇ ಅಲ್ಲ. ಇಟಲಿಯ ಮಾರ್ಸೆಲ್ಲೋ ಮಾಲ್ಪೀಘಿ ಎಡವಿದ್ದು ಇಲ್ಲಿಯೇ. 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳೆಂಬ ಅತಿ ಸೂಕ್ಷ್ಮ ರಕ್ತನಾಳಗಳನ್ನು ಮೊದಲು ಕಂಡವನು ಆತ, ರೇಷ್ಮೆಹುಳುವಿನ ಮೈಯೊಳಗಿನ ಗಾಳಿಕೊಳವೆಗಳನ್ನು ವರ್ಣಿಸಿದವನೂ ಆತ. ಗಿಡದ ಕಾಂಡದಲ್ಲಿ ಸುರುಳಿ ಗೆರೆಗಳುಳ್ಳ ಕೊಳವೆಗಳು ಕಂಡಾಗ ಇವೂ ಉಸಿರಾಟದ ಕೊಳವೆಗಳೇ ಎಂದುಕೊಂಡ. ನಿಜಕ್ಕೂ ಅವು ನೀರು ಸಾಗಿಸುವ ಕ್ಸೈಲಂ. ಮಹಾ ವೀಕ್ಷಕನನ್ನೇ ಹೋಲಿಕೆ ಮೋಸಗೊಳಿಸಿತ್ತು.

ವ್ಯತ್ಯಾಸದ ಬೇರು ಕೋಶಭಿತ್ತಿಯಲ್ಲಿದೆ. ಪ್ರಾಣಿಯ ಕೋಶಕ್ಕೆ ಮೃದುವಾದ ಪೊರೆ ಮಾತ್ರ. ಭ್ರೂಣದಲ್ಲಿ ಕೋಶಗಳು ಸರಿದಾಡುತ್ತವೆ, ಮಡಿಚಿಕೊಳ್ಳುತ್ತವೆ, ವಲಸೆ ಹೋಗುತ್ತವೆ. ಗಿಡದ ಕೋಶದ ಸುತ್ತ ಸೆಲ್ಯುಲೋಸಿನ ಗಟ್ಟಿಗೋಡೆ ಇದ್ದು, ನೆರೆಯ ಕೋಶದ ಗೋಡೆಗೆ ಅಂಟಿಕೊಂಡಿರುತ್ತದೆ. ಹುಟ್ಟಿದ ಜಾಗದಿಂದ ಅದು ಕದಲುವಂತಿಲ್ಲ. ಹಾಗಾದರೆ ದೇಹವನ್ನು ಕಟ್ಟುವುದು ಹೇಗೆ? ತುದಿಯಲ್ಲಿ ಹೊಸ ಕೋಶಗಳನ್ನು ಸೇರಿಸುತ್ತ ಹೋಗುವುದರಿಂದ. ಕಾಂಡದ ತುದಿಯಲ್ಲಿ, ಬೇರಿನ ತುದಿಯಲ್ಲಿ ವಿಭಜಿಸುತ್ತಲೇ ಇರುವ ಕೋಶಗಳ ವರ್ಧನ ಅಂಗಾಂಶ ಇರುತ್ತದೆ. ಆಲ, ಮಾವು, ಹಲಸಿನಂತಹ ಮರಗಳಲ್ಲಿ ತೊಗಟೆಯ ಕೆಳಗೆ ಕ್ಯಾಂಬಿಯಂ ಎಂಬ ಇನ್ನೊಂದು ಪದರ ಕಾಂಡವನ್ನು ದಪ್ಪ ಮಾಡುತ್ತದೆ. ಪ್ರಾಣಿಯ ಅಂಗಗಳ ಪಟ್ಟಿ ಭ್ರೂಣದಲ್ಲೇ ಮುಗಿದಿರುತ್ತದೆ. ಮರಕ್ಕೆ ಹಾಗಿಲ್ಲ, ನೂರನೇ ವರ್ಷದಲ್ಲೂ ಅದು ಹೊಸ ಎಲೆ, ಹೊಸ ಬೇರು, ಹೊಸ ಹೂ ಮಾಡುತ್ತಿರುತ್ತದೆ. (ಮರದ ಬೊಡ್ಡೆಯ ಮೇಲೆ ಹೆಸರು ಕೆತ್ತಿದವರು ಹತ್ತು ವರ್ಷ ಬಿಟ್ಟು ಹೋದರೂ ಅದು ಅದೇ ಎತ್ತರದಲ್ಲಿ ಇರುತ್ತದೆ. ಮರ ಬುಡದಿಂದ ಎದ್ದು ಬೆಳೆಯುವುದಲ್ಲ.)

ಕದಲಲಾಗದ ಕೋಶಗಳಿಂದ ಸಾಗಣೆಯ ವ್ಯವಸ್ಥೆ ಮಾಡಲು ಗಿಡಗಳು ಹಿಡಿದ ಉಪಾಯ ಪ್ರಾಣಿಗಳಿಗೆ ಹೊಳೆದೇ ಇಲ್ಲ ಎನ್ನಬೇಕು. ಸತ್ತ ಕೋಶಗಳನ್ನು ಬಳಸುವುದು. ಕ್ಸೈಲಂ ಕೊಳವೆಯಾಗಬೇಕಾದ ಕೋಶ ತನ್ನ ಗೋಡೆಗೆ ಲಿಗ್ನಿನ್ ಎಂಬ ಗಡುಸು ಪದಾರ್ಥ ಬಳಿದು ಗಟ್ಟಿ ಮಾಡಿಕೊಂಡು, ಆಮೇಲೆ ತನ್ನ ಒಳಗನ್ನೆಲ್ಲ ತಾನೇ ಕರಗಿಸಿಕೊಂಡು ಸಾಯುತ್ತದೆ. ಉಳಿದ ಟೊಳ್ಳು ಕೊಳವೆಯಾಗುತ್ತದೆ. ಅದರಲ್ಲಿ ನೀರನ್ನು ಮೇಲೆತ್ತಲು ಹೃದಯ ಬೇಡ. ಎಲೆಯ ರಂಧ್ರಗಳಿಂದ ನೀರು ಆವಿಯಾದಂತೆ ಒಂದಕ್ಕೊಂದು ಅಂಟಿಕೊಂಡ ನೀರಿನ ಅಣುಗಳ ಎಳೆ ಮೇಲಕ್ಕೆ ಸೆಳೆಯಲ್ಪಡುತ್ತದೆ ಎಂದು ಡಬ್ಲಿನ್ನಿನ ಡಿಕ್ಸನ್ ಮತ್ತು ಜಾಲಿ 1894ರಲ್ಲಿ ವಿವರಿಸಿದರು. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳಲ್ಲಿ 115 ಮೀಟರ್ ಎತ್ತರದವರೆಗೂ ನೀರು ಏರುವುದು ಹೀಗೆಯೇ. ಹಲಸಿನ ಮರ ಕೊಯ್ದಾಗ ನಡುವೆ ಕಾಣುವ ಹಳದಿ ಚೇಗು ಪೂರ್ತಿಯಾಗಿ ಸತ್ತ ಅಂಗಾಂಶ. ನೀರು ಸಾಗಿಸುವ ಕೆಲಸವನ್ನೂ ಮುಗಿಸಿ, ಮರವನ್ನು ನಿಲ್ಲಿಸುವುದಷ್ಟೇ ಅದರ ಪಾಲಿನ ಕೆಲಸ. ದೊಡ್ಡ ಮರವೊಂದರ ಬಹುಪಾಲು ತೂಕ ಜೀವವಿಲ್ಲದ್ದು.

ಸಕ್ಕರೆ ಸಾಗಿಸುವ ಫ್ಲೋಯಂ ಮಾತ್ರ ಜೀವಂತ, ಅದೂ ಅರೆಜೀವ. ಅದರ ಜರಡಿ ಕೊಳವೆಯ ಕೋಶಗಳಲ್ಲಿ ಕೋಶಕೇಂದ್ರವಿಲ್ಲ. ಪಕ್ಕದ ಸಂಗಾತಿ ಕೋಶ ಅವುಗಳ ಸಂಸಾರ ನಡೆಸುತ್ತದೆ. ತೆಂಗು, ಅಡಿಕೆಯಂತಹ ಮರಗಳಲ್ಲಿ ಕ್ಯಾಂಬಿಯಂ ಇಲ್ಲದ ಕಾರಣ ಹಳೆಯ ಫ್ಲೋಯಂ ಬದಲಿಗೆ ಹೊಸದು ಬರುವುದಿಲ್ಲ. ಮರ ಬದುಕಿರುವಷ್ಟು ದಶಕಗಳೂ ಕಾಂಡದ ಬುಡದ ಆ ಕೋಶಗಳು ಕೇಂದ್ರವಿಲ್ಲದೆಯೇ ದುಡಿಯುತ್ತವೆ. ಅದೇ ಸ್ಥಿತಿಯ ನಮ್ಮ ಕೆಂಪು ರಕ್ತಕಣಕ್ಕೆ ನಾಲ್ಕು ತಿಂಗಳು.

ಇನ್ನು ಅಂಗಗಳು. ಬೇರು, ಕಾಂಡ, ಎಲೆ: ಮೂಲದಲ್ಲಿ ಇಷ್ಟೇ. ಎಲೆ ನಿಜವಾದ ಅರ್ಥದಲ್ಲಿ ಅಂಗ. ಮೇಲೆ ಕೆಳಗೆ ಹೊರಚರ್ಮ, ಅದರಲ್ಲಿ ಕಾವಲು ಕೋಶಗಳು ತೆರೆದು ಮುಚ್ಚುವ ಪತ್ರರಂಧ್ರಗಳು, ನಡುವೆ ಹಸಿರು ಕೋಶಗಳ ಸಾಲು, ಅವುಗಳ ಮಧ್ಯೆ ಕ್ಸೈಲಂ–ಫ್ಲೋಯಂ ತುಂಬಿದ ನರಗಳು. ಹೂವಿನ ಭಾಗಗಳೋ, ಎಲೆಯ ರೂಪಾಂತರಗಳು. ಜರ್ಮನ್ ಕವಿ ಗಯಟೆ 1790ರಲ್ಲೇ ಹೀಗೆ ಊಹಿಸಿದ್ದ. 1991ರಲ್ಲಿ ಕೋಯೆನ್ ಮತ್ತು ಮೆಯರೋವಿಟ್ಸ್ ಎಂಬ ವಿಜ್ಞಾನಿಗಳು ಮೂರು ಗುಂಪಿನ ಜೀನುಗಳ ಲೆಕ್ಕದಲ್ಲಿ ಅದನ್ನು ವಿವರಿಸಿದರು. ಆ ಮೂರೂ ಗುಂಪುಗಳನ್ನು ಕೆಡಿಸಿದರೆ ಹೂವಿನ ಜಾಗದಲ್ಲಿ ಎಲೆಗಳ ಗೊಂಚಲು ಬರುತ್ತದೆ. ಹಲವು ಸುತ್ತಿನ ದಾಸವಾಳದಲ್ಲಿ ಕಾಣುವ ಹೆಚ್ಚುವರಿ ದಳಗಳಲ್ಲಿ ಬಹಳಷ್ಟು ಕೇಸರಗಳಾಗಬೇಕಿದ್ದವು. ಒಂದು ಅಂಗ ಇನ್ನೊಂದಾದರೂ ಗಿಡ ನೊಂದುಕೊಳ್ಳುವುದಿಲ್ಲ, ನಾವು ಅದನ್ನು ಪೂಜೆಗೆ ಕೊಯ್ಯುತ್ತೇವೆ.

ಅಂಗವ್ಯೂಹದ ಮೆಟ್ಟಿಲು ಮಾತ್ರ ಗಿಡಗಳಿಗೆ ಒತ್ತಾಯದಿಂದ ತೊಡಿಸಿದ ಅಂಗಿ. ನೆಲದ ಕೆಳಗಿನದು ಬೇರಿನ ವ್ಯೂಹ, ಮೇಲಿನದು ಚಿಗುರಿನ ವ್ಯೂಹ ಎಂದು ಎರಡಾಗಿ ಹೇಳಿ ಪುಸ್ತಕಗಳು ಕೈತೊಳೆದುಕೊಳ್ಳುತ್ತವೆ. ಗಿಡ ಎಂದರೆ ಒಂದೇ ಘಟಕದ ಪುನರಾವರ್ತನೆ ಎನ್ನುವುದು ಹೆಚ್ಚು ಸರಿ: ಗೆಣ್ಣು, ಎಲೆ, ಎಲೆಯ ಕಂಕುಳಿನ ಮೊಗ್ಗು, ಮತ್ತೆ ಗೆಣ್ಣು. ಆಲದ ಒಂದೊಂದು ಕೊಂಬೆಯಲ್ಲೂ ಸಾವಿರಾರು ಮೊಗ್ಗುಗಳಿವೆ, ಬಿಳಲು ನೆಲ ಮುಟ್ಟಿದ ಕೂಡಲೇ ಆ ಕೊಂಬೆಗೆ ಸ್ವಂತ ನೀರಿನ ದಾರಿ ಸಿಗುತ್ತದೆ, ಕ್ಯಾಂಬಿಯಂ ಬಿಳಲನ್ನೇ ಕಾಂಡವಾಗಿ ದಪ್ಪ ಮಾಡುತ್ತದೆ. ಮೂಲ ಕಾಂಡ ಹೋದರೇನಂತೆ! ತೆಂಗಿಗೆ ಕವಲಿಲ್ಲ, ಕಂದು ಒಡೆಯುವುದಿಲ್ಲ. ಮೇಲ್ಮುಖವಾಗಿ ಬೆಳೆಯುವ ವರ್ಧನ ಅಂಗಾಂಶ ಇರುವುದು ಸುಳಿಯೊಳಗೆ, ಒಂದೇ ಒಂದು. ಕೊಂಬುದುಂಬಿಯೋ ಸುಳಿಕೊಳೆಯೋ ಅದನ್ನು ಮುಟ್ಟಿದರೆ ಹೊಸ ಎಲೆ ಇಲ್ಲ, ಹಳೆಯವು ಉದುರಿದ ಮೇಲೆ ಅನ್ನವಿಲ್ಲ. ಗಿಡಗಳಲ್ಲಿ ಪ್ರಾಣಿಯ ಗತಿಗೆ ಹತ್ತಿರ ಬಂದದ್ದು ತೆಂಗು.

ತೆಂಗಿನ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಎಳನೀರು ಮೊಳೆಯುವ ಸಸಿಗೆಂದು ಕೂಡಿಟ್ಟ ಆಹಾರ; ಅದು ರೂಪುಗೊಳ್ಳುವಾಗ ಕೋಶಕೇಂದ್ರಗಳು ವಿಭಜಿಸುತ್ತ ಹೋಗುತ್ತವೆ, ನಡುವೆ ಗೋಡೆಗಳು ಏಳುವುದಿಲ್ಲ. ಕಾಯಿ ಬಲಿತಂತೆ ಅಂಚಿನಿಂದ ಗೋಡೆಗಳು ಕಟ್ಟಿಕೊಂಡು ಗಂಜಿಯಾಗಿ, ಆಮೇಲೆ ಗಟ್ಟಿ ಕಾಯಾಗುತ್ತದೆ. ಕೋಶವೇ ಮೊದಲು, ಅಂಗಾಂಶ ಆಮೇಲೆ ಎಂಬ ಏಣಿಯ ಕ್ರಮ ಇಲ್ಲಿ ತಿರುಗುಮುರುಗು. ಕಾಲರ್ಪಾ ಎಂಬ ಕಡಲಪಾಚಿ ಗೋಡೆಗಳ ಗೊಡವೆಗೇ ಹೋಗಿಲ್ಲ. ಬೇರಿನಂತಹದು, ಕಾಂಡದಂತಹದು, ಎಲೆಯಂತಹದು ಎಲ್ಲ ಇದ್ದೂ ಮೀಟರುಗಟ್ಟಲೆ ಹರಡಿದ ಅದು ಅಸಂಖ್ಯ ಕೇಂದ್ರಗಳುಳ್ಳ ಒಂದೇ ಕೋಶ.

ಒಂದು ಕೋಶದಿಂದ ಇಡೀ ಗಿಡ

ಗಿಡದ ಕೋಶ ಒಪ್ಪಂದಕ್ಕೆ ಸಹಿ ಹಾಕಿದರೂ ಮೂಲ ದಾಖಲೆಯನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಯಾವುದೇ ಒಂದು ಜೀವಂತ ಸಸ್ಯಕೋಶದಿಂದ ಪೂರ್ಣ ಗಿಡ ಬರಬೇಕು ಎಂದು ಆಸ್ಟ್ರಿಯಾದ ಗಾಟ್ಲೀಬ್ ಹಾಬರ್‌ಲಾಂಡ್ 1902ರಲ್ಲಿ ವಾದಿಸಿದ. ಆತನ ಕೋಶಗಳು ಬದುಕಿದವು, ಉಬ್ಬಿದವು, ವಿಭಜಿಸಲಿಲ್ಲ. 1958ರಲ್ಲಿ ಅಮೆರಿಕದಲ್ಲಿ ಎಫ್. ಸಿ. ಸ್ಟೀವರ್ಡ್ ಗಜ್ಜರಿಯ ಫ್ಲೋಯಂ ಕೋಶಗಳಿಂದ ಗಿಡಗಳನ್ನು ಬೆಳೆಸಿ ತೋರಿಸಿದ. ಅವನ ಪೋಷಕ ದ್ರವದಲ್ಲಿದ್ದ ಮುಖ್ಯ ಪದಾರ್ಥ ತೆಂಗಿನ ನೀರು. ಕೋಶಗಳನ್ನು ವಿಭಜನೆಗೆ ಹುರಿದುಂಬಿಸುವ ಹಾರ್ಮೋನುಗಳು ಅದರಲ್ಲಿವೆ. ತಮಾಷೆಯೆಂದರೆ ಊರಿನ ಗಿಡಗಳಿಗೆಲ್ಲ ನೀರುಣಿಸಿದ ತೆಂಗು ತಾನು ಮಾತ್ರ ಪ್ರಯೋಗಾಲಯದಲ್ಲಿ ಬಹುಕಾಲ ಹಟ ಹಿಡಿದ ಬೆಳೆ.

ನಮ್ಮ ರೈತರು ತರುವ ಜಿ-9 ಟಿಶ್ಯೂ ಕಲ್ಚರ್ ಬಾಳೆಸಸಿ ಇದೇ ವಿದ್ಯೆಯ ಕೂಸು. ಆದರೆ ಅದನ್ನು ಬಿಡಿ ಕೋಶದಿಂದ ಬೆಳೆಸುವುದಿಲ್ಲ, ಕಂದಿನ ಸುಳಿಯ ತುದಿಯನ್ನು ಕತ್ತರಿಸಿ ಬೆಳೆಸುತ್ತಾರೆ. ತೀರಾ ತುದಿಯ ವರ್ಧನ ಅಂಗಾಂಶಕ್ಕೆ ಸಾಗಣೆಯ ಕೊಳವೆಗಳು ಇನ್ನೂ ತಲುಪಿರುವುದಿಲ್ಲ. ಕೊಳವೆಗಳ ಮೂಲಕ ಹಬ್ಬುವ ವೈರಸ್ಸುಗಳು ಅಲ್ಲಿ ಅಪರೂಪ. ಅಂಗಾಂಶಗಳ ಹುಟ್ಟಿನ ಕ್ರಮ ತಿಳಿದವರು ಅದನ್ನು ರೋಗನಿಯಂತ್ರಣಕ್ಕೆ ಹೀಗೆ ದುಡಿಸಿಕೊಂಡಿದ್ದಾರೆ.

ಒಪ್ಪಂದ ಮುರಿದರೆ

ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಎಂಬ ದುಂಡುಹುಳುವಿನ ಒಂದೊಂದು ಕೋಶದ ಜಾತಕವನ್ನೂ ವಿಜ್ಞಾನಿಗಳು ಬರೆದಿದ್ದಾರೆ. ಬೆಳೆಯುವಾಗ 1,090 ದೇಹಕೋಶಗಳು ಹುಟ್ಟುತ್ತವೆ, ಅವುಗಳಲ್ಲಿ 131 ಕೋಶಗಳು ನಿಗದಿಯಾದ ಹೊತ್ತಿಗೆ ತಾವಾಗಿಯೇ ಸಾಯುತ್ತವೆ, ಉಳಿಯುವುದು 959. ಅಂಗಗಳ ಬೆಳವಣಿಗೆಯನ್ನೂ ಈ ಸಾವನ್ನೂ ಜೀನುಗಳು ಹೇಗೆ ನಡೆಸುತ್ತವೆ ಎಂದು ತೋರಿಸಿದ ಬ್ರೆನ್ನರ್, ಹಾರ್ವಿಟ್ಸ್, ಸಲ್ಸ್ಟನ್ ಅವರಿಗೆ 2002ರ ನೊಬೆಲ್ ಬಂತು. ನಮ್ಮ ಬೆರಳುಗಳು ಬಿಡಿಬಿಡಿಯಾಗಿರುವುದೂ ಗರ್ಭದಲ್ಲಿದ್ದಾಗ ನಡುವಿನ ಕೋಶಗಳು ಹೀಗೆ ಜಾಗ ಬಿಟ್ಟುಕೊಟ್ಟದ್ದರಿಂದ. ಸಾಯೆಂದಾಗ ಸಾಯದೆ, ನಿಲ್ಲೆಂದಾಗ ನಿಲ್ಲದೆ ವಿಭಜಿಸುವ ಕೋಶವೇ ಕ್ಯಾನ್ಸರ್. ಪ್ರಾಣಿಯ ಕೋಶ ಚಲಿಸಬಲ್ಲದು, ರಕ್ತನಾಳಗಳು ಎಲ್ಲೆಡೆಗೂ ಒಯ್ಯಬಲ್ಲವು. ಗಡ್ಡೆ ಮಾರಕವಾಗುವುದು ಹರಡುವುದರಿಂದ. ಗಿಡಗಳಿಗೂ ಗಡ್ಡೆಗಳಾಗುತ್ತವೆ. ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ತನ್ನ ಡಿಎನ್‌ಎ ತುಣುಕನ್ನು ಗಿಡದ ಕೋಶಕ್ಕೆ ತೂರಿಸಿ ಬುಡದಲ್ಲಿ ಗಂಟು ಏಳಿಸುತ್ತದೆ. ಆದರೆ ಆ ಗಂಟಿನ ಕೋಶಗಳು ಗೋಡೆಯೊಳಗೆ ಸೆರೆಯಾಗಿರುವುದರಿಂದ ಮೈಯೆಲ್ಲ ಹರಡುವುದಿಲ್ಲ.

ಜೀವಿಯ ಮೇಲಿನ ಮೆಟ್ಟಿಲುಗಳನ್ನು, ಎಂದರೆ ಜೀವಿಸಂದಣಿ, ಸಮುದಾಯ, ಪರಿಸರ ವ್ಯವಸ್ಥೆ, ಜೀವಗೋಳಗಳನ್ನು ಇಲ್ಲಿ ಹೆಸರಿಸಿ ಬಿಡುತ್ತೇನೆ. ಅವು ದೇಹಗಳಲ್ಲ, ಅವುಗಳ ನಿಯಮಗಳೂ ಬೇರೆ. ಆದರೆ 'ಒಂದು ಜೀವಿ' ಎಂಬ ಮೆಟ್ಟಿಲೂ ನಾವಂದುಕೊಂಡಷ್ಟು ಸಮತಟ್ಟಾಗಿಲ್ಲ. ಮಸಾಲೆ ಪುಡಿಗೆ ಹಾಕುವ ಕಲ್ಲುಹೂವು ಒಂದು ಗಿಡವಲ್ಲ, ಶಿಲೀಂಧ್ರ ಮತ್ತು ಪಾಚಿಯ ಕೂಡುಬಾಳು. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಮರಳಿನ ಮೇಲೆ ಬಂದು ಬೀಳುವ, ಮುಟ್ಟಿದರೆ ಚುರುಗುಟ್ಟಿಸುವ ನೀಲಿ 'ಬ್ಲೂ ಬಾಟಲ್' ನೋಡಲು ಒಂದು ಪ್ರಾಣಿ. ವಾಸ್ತವದಲ್ಲಿ ಒಂದೇ ಮೊಟ್ಟೆಯಿಂದ ಮೊಗ್ಗೊಡೆದ ಹಲವು ಪ್ರಾಣಿಗಳ ವಸಾಹತು. ಒಂದು ತೇಲುತ್ತದೆ, ಕೆಲವು ಕುಟುಕುತ್ತವೆ, ಕೆಲವು ಜೀರ್ಣಿಸುತ್ತವೆ. ಇಡೀ ಪ್ರಾಣಿಗಳೇ ಅಲ್ಲಿ ಅಂಗಗಳಾಗಿ ಇಳಿದಿವೆ.

ಈ ಏಣಿಯನ್ನು ಕೈಯಾರೆ ಕಟ್ಟುವ ಪ್ರಯತ್ನ ಈಗ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. 2009ರಲ್ಲಿ ನೆದರ್‌ಲೆಂಡ್ಸಿನ ಹಾನ್ಸ್ ಕ್ಲೆವರ್ಸ್ ಅವರ ತಂಡ ಇಲಿಯ ಕರುಳಿನ ಒಂದೇ ಒಂದು ಆಕರಕೋಶದಿಂದ (ಬೇರೆ ಬಗೆಯ ಕೋಶಗಳನ್ನು ಹುಟ್ಟಿಸಬಲ್ಲ ಕೋಶದಿಂದ) ಪುಟ್ಟ ಕರುಳಿನಂತಹ ರಚನೆಯನ್ನು ಬೆಳೆಸಿತು. ಯಾರೂ ಜೋಡಿಸದೆ ಕೋಶಗಳು ತಾವೇ ಮಡಿಚಿಕೊಂಡು, ಗುಳಿಗಳನ್ನು ಮಾಡಿಕೊಂಡು, ಕರುಳಿನ ಹಲವು ಬಗೆಯ ಕೋಶಗಳಾದವು. ಆಮೇಲೆ ಮೂತ್ರಪಿಂಡ, ಯಕೃತ್ತು, ಮಿದುಳುಗಳ ಇಂತಹ ಪುಟಾಣಿ ರೂಪಗಳು ಬಂದವು. ಔಷಧಗಳನ್ನು ಪರೀಕ್ಷಿಸಲು ಅವು ಈಗಲೇ ಉಪಯುಕ್ತ. ಆದರೆ ಮಿದುಳಿನ ಪುಟಾಣಿ ಕೆಲವೇ ಮಿಲಿಮೀಟರ್ ಬೆಳೆಯುತ್ತಿದ್ದಂತೆ ಅದರ ನಡುವಿನ ಕೋಶಗಳು ಸಾಯತೊಡಗುತ್ತವೆ. ಅಲ್ಲಿ ರಕ್ತನಾಳಗಳಿಲ್ಲ, ಆಮ್ಲಜನಕ ಒಳಗೆ ಅಲೆದು ಸೇರುವಷ್ಟರಲ್ಲಿ ತಡವಾಗಿರುತ್ತದೆ. ಅದಕ್ಕೆ ನಾಳಗಳನ್ನು ಬೆಳೆಸುವ ದಾರಿಯನ್ನು ಹಲವು ತಂಡಗಳು ಹುಡುಕುತ್ತಿವೆ.